ಕೂಸಿನ ಎದೆಗೆ ಹಿಡಿದ ದೀಪ

ಹೊಳೆ ದಂಡೆಯಲ್ಲೊಂದು ಆಶ್ರಮ, ಆಶ್ರಮಕ್ಕೊಂದು ಕೂಸುಗಳ ಆಸ್ಪತ್ರೆ. ಅಲ್ಲಿ ವಿಮಲಾಂಬೆ ಅಂತ ವಯಸ್ಸಾದ ಡಾಕ್ಟರಮ್ಮ. ಅವರ ಹತ್ತಿರ ಕಲಿಯೋಕೆ ಬಂದವನು ಶಂಭುಲಿಂಗ.

ಒಂದು ಮಧ್ಯಾಹ್ನ, ದಿನ ತುಂಬದೆ ಹುಟ್ಟಿದ ಎರಡು ದಿನದ ಹೆಣ್ಣುಕೂಸು ಇದ್ದಕ್ಕಿದ್ದಂತೆ ನೀಲಿಗಟ್ಟಿತು. ಉಸಿರಿಗೆಂದು ಗಂಟಲಿಗೆ ನಳಿಗೆ ಹಾಕಿತ್ತು. ಶಂಭು ಅದಕ್ಕೆ ಗಾಳಿಚೀಲ ಸಿಕ್ಕಿಸಿ ಒತ್ತಿದ. ನೀಲಿ ಇಳಿಯಲಿಲ್ಲ. ಇನ್ನೂ ಜೋರಾಗಿ ಒತ್ತಿದ. ಕೂಸು ಇನ್ನೂ ಕಪ್ಪಿಟ್ಟಿತು.

ಬಾಗಿಲಲ್ಲಿ ಹೆತ್ತವಳು ಸಾಕಮ್ಮ. "ಏನಾಯ್ತಪ್ಪಾ? ಬೆಳಗ್ಗೆ ನನ್ನ ಬೆರಳು ಹಿಡಿದಿತ್ತಲ್ಲಾ!"

ಶಂಭು ತಲೆಯೆತ್ತದೆ ಚೀಲ ಒತ್ತುತ್ತಲೇ ಇದ್ದ.

ಡಾಕ್ಟರಮ್ಮ ಓಡಿ ಬಂದರು. "ಏನೋ, ಕಮ್ಮಾರನ ತಿದಿ ಅಂದುಕೊಂಡೆಯಾ? ಮೆತ್ತಗೆ!"

"ಉಸಿರು ಸಾಲ್ತಿಲ್ಲ ಅಮ್ಮಾ. ನಳಿಗೆ ಸರಿಯಾಗೇ ಇದೆ. ಎದೆಯ ಎರಡೂ ಕಡೆ ಸದ್ದು ಕೇಳಿಸ್ತು."

"ಅಂಗೈಯಗಲದ ಎದೆ ಕಣೋ, ಒಂದು ಕಡೆಯ ಸದ್ದು ಇನ್ನೊಂದು ಕಡೆಗೂ ಹಾಯುತ್ತೆ. ಈ ಮನೆ ಜಗಳ ಪಕ್ಕದ ಮನೆಗೆ ಕೇಳಿಸದೆ ಇರುತ್ತಾ? ಸಾಕಮ್ಮಾ, ಆ ಕಿಟಕಿ ಮುಚ್ಚು ತಾಯಿ."

ಸಾಕಮ್ಮ ಮುಚ್ಚಿದಳು. ಸಂದಿಯಲ್ಲಿ ಬೆಳಕು ಬರುತ್ತಿತ್ತು, ಅದಕ್ಕೆ ಸೆರಗು ಒತ್ತಿ ಹಿಡಿದು ನಿಂತಳು.

ಡಾಕ್ಟರಮ್ಮ ಸಣ್ಣ ದೀಪವೊಂದನ್ನು ಕೂಸಿನ ಬಲ ಎದೆಗೆ ಆನಿಸಿದರು. ಸುತ್ತ ಒಂದು ಕೆಂಪು ಉಂಗುರ, ಅಷ್ಟೇ. ಎಡಕ್ಕೆ ಆನಿಸಿದರು. ಆ ಪಕ್ಕ ಪೂರ್ತಿ ಲಾಟೀನಿನ ಹಾಗೆ ಬೆಳಗಿತು.

ಶಂಭುವಿನ ಕೈ ನಿಂತೇ ಹೋಯಿತು.

"ನಿಲ್ಲಿಸಬೇಡ, ಮೆಲ್ಲಗೆ ಒತ್ತು. ಬರೀ ಗಾಳಿ ತುಂಬಿದ ಕಡೆ ಬೆಳಕು ಹೀಗೆ ಹರಡುತ್ತೆ. ಈ ಕಡೆ ಶ್ವಾಸಕೋಶ ತೂತಾಗಿದೆ. ಸೋರಿದ ಗಾಳಿ ಎದೆಗೂಡಲ್ಲಿ ಸಿಕ್ಕಿಕೊಂಡು ಅದನ್ನೇ ಅಮುಕ್ತಾ ಇದೆ."

"ಹಾಗಾದರೆ ನಾನು ಕೊಟ್ಟ ಗಾಳಿಯೇ..."

"ಆಮೇಲೆ ಅಳು."

"ಎಕ್ಸ್‌ರೇ ತೆಗೆಸೋಣವಾ ಅಮ್ಮಾ?"

"ಅದು ಬರೋವರೆಗೆ ಕೂಸು ಕಾಯುತ್ತಾ?"

ಪಕ್ಕೆಲುಬಿನ ಸಂದಿಯಲ್ಲಿ ಸೂಜಿ ಇಳಿಸಿದರು. ಸಿರಿಂಜು ಎಳೆದರು. ಬರೀ ಗಾಳಿ ಬಂತು. ಮತ್ತೆ ಎಳೆದರು, ಮತ್ತೆ ಗಾಳಿ. ಕೂಸು ಹಾಗೇ ಇತ್ತು. ಸಾಕಮ್ಮ ದೇವರ ಹೆಸರನ್ನೂ ಮರೆತು ನಿಂತಿದ್ದಳು.

ಮೂರನೇ ಸಲಕ್ಕೆ ತುಟಿಯ ಅಂಚು ಕೆಂಪಾಯಿತು. ಆಮೇಲೆ ಕೆನ್ನೆ. ಆಮೇಲೆ ಉಗುರು.

ಸಂಜೆಗೆ ಕೂಸಿನ ಪಕ್ಕೆಗೊಂದು ಸಪೂರ ಕೊಳವೆ, ಅದರ ತುದಿ ಸೀಸೆಯ ನೀರಲ್ಲಿ. ಸೋರಿದ ಗಾಳಿ ಗುಳ್ಳೆಗುಳ್ಳೆಯಾಗಿ ಏಳುತ್ತಿತ್ತು. ಶಂಭು ಗುಳ್ಳೆಗಳನ್ನೇ ನೋಡುತ್ತಾ ಕೂತಿದ್ದ.

"ಅಮ್ಮಾ, ನಾನು ಅಷ್ಟು ಹೊತ್ತು ಒತ್ತಿದರೂ ತಿಳಿಯಲಿಲ್ಲ. ನಿಮಗೆ ಬಂದ ಕೂಡಲೇ ಹೇಗೆ ತಿಳೀತು?"

"ನನಗೆಲ್ಲಿ ತಿಳಿದಿತ್ತೋ? ತಿಳಿದಿದ್ದರೆ ಕಿಟಕಿ ಮುಚ್ಚಿಸಿ ದೀಪ ಯಾಕೆ ಹಿಡೀತಿದ್ದೆ?"