ಬಾಣಂತಿ ಬಸದಿ

ಮುತ್ತಲಕೋಟೆಯ ಪಡುವಣಕ್ಕೆ, ಊರಿನ ಎರೆಮಣ್ಣು ಮುಗಿದು ಕಲ್ಲುನೆಲ ಶುರುವಾಗುವಲ್ಲಿ ಒಂದು ಬೋಳುಗುಡ್ಡವಿದೆ. ಅದರ ನೆತ್ತಿಯ ಮೇಲೆ ಶಿಖರವಿಲ್ಲದ, ಗಿಡ್ಡನೆಯ ಕಲ್ಲುಕಟ್ಟಡವೊಂದು ಕೂತಿದೆ. ಬಾಗಿಲವಾಡದ ಮೇಲೆ ಪದ್ಮಾಸನ ಹಾಕಿದ ಪುಟ್ಟ ಜಿನಬಿಂಬವಿರುವುದರಿಂದ ಇದು ಜೈನರ ಬಸದಿಯೆಂದು ಹೇಳಲು ಪಂಡಿತರೇನೂ ಬೇಕಿಲ್ಲ. ಆದರೆ ಊರಲ್ಲಿ ನಿಂತು ಪಾರ್ಶ್ವನಾಥ ಬಸದಿಗೆ ದಾರಿ ಯಾವುದೆಂದು ಕೇಳಿ ನೋಡಿ, ಎಲ್ಲರೂ ಮಿಕಿಮಿಕಿ ನೋಡುತ್ತಾರೆ. ಬಾಣಂತಿ ಬಸದಿ ಎಂದರೆ ಸಾಕು, ಎಮ್ಮೆ ಕಾಯುವವರೂ ಕೈಯೆತ್ತಿ ತೋರಿಸುತ್ತಾರೆ. ಹುಟ್ಟಿನ ಸೂತಕವೆಂದರೆ ಮಾರು ದೂರ ನಿಲ್ಲುವ ಜೈನ ಶ್ರಾವಕರ ದೇವಸ್ಥಾನಕ್ಕೆ ಬಾಣಂತಿಯ ಹೆಸರೇ ಎಂದು ಪರವೂರಿನ ಯಾತ್ರಿಕರು ಮೊದಲು ನಗುತ್ತಾರೆ. ಕಥೆ ಕೇಳಿದ ಮೇಲೂ ನಕ್ಕವರನ್ನು ನಾವು ಕಂಡಿಲ್ಲ ಎನ್ನುತ್ತಾರೆ ಊರಿನ ಹಿರಿಯರು.

ಹಿಂದೆ ಒಮ್ಮೆ, ಸುಲ್ತಾನರ ನಿಶಾನೆ ಈ ಕೋಟೆಯ ಮೇಲೆ ಏರಿ ಎರಡು ತಲೆಮಾರು ಕಳೆದಿದ್ದ ಕಾಲ. ಬೇರೆ ಧರ್ಮದವರ ಗುಡಿಗಳ ವಿಷಯದಲ್ಲಿ ಆಗ ಒಂದು ಕಟ್ಟಳೆಯಿತ್ತು. ನಿಶಾನೆ ಏರುವ ಮೊದಲೇ ನಿಂತಿದ್ದ ಗುಡಿಯನ್ನು ಯಾರೂ ಮುಟ್ಟಬಾರದು, ಬಿದ್ದರೆ ಎತ್ತಿ ಕಟ್ಟಿಕೊಳ್ಳಬಹುದು, ಆದರೆ ಹೊಸ ಗುಡಿ ಏಳಬಾರದು. ತಲೆಗಂದಾಯ ಕೊಟ್ಟವರ ಜೀವಕ್ಕೂ ಆಸ್ತಿಗೂ ಸುಲ್ತಾನರೇ ಹೊಣೆ. ಹಾಗೆಂದು ಖಾಜಿಯ ಮುಂದೆ ಮುಸಲ್ಮಾನನೊಬ್ಬನ ವಿರುದ್ಧ ಅವರು ಸಾಕ್ಷಿ ಹೇಳಿದರೆ ಅದು ನಡೆಯುತ್ತಿರಲಿಲ್ಲ. ಇರಲಿಕ್ಕೆ ಜಾಗವುಂಟು, ಮಾತಾಡಲಿಕ್ಕೆ ಇಲ್ಲ, ಅಷ್ಟೇ. ಒಳ್ಳೆಯ ಅಧಿಕಾರಿಯ ಕೈಕೆಳಗೆ ಜನ ಇದನ್ನು ಮರೆತೇ ಬದುಕುತ್ತಿದ್ದರು, ದುರಾಸೆಯವನು ಬಂದಾಗ ನೆನಪಾಗುತ್ತಿತ್ತು. ಮುತ್ತಲಕೋಟೆಯ ಕಿಲ್ಲೇದಾರ ದಿಲಾವರ ಖಾನನಿಗೆ ಕೋಟೆಯ ಹೊಸ ಅಗಸೆ ಬಾಗಿಲಿಗೆ ನಯಗೊಳಿಸಿದ ಕಲ್ಲು ಬೇಕಾಗಿತ್ತು. ಗುಡ್ಡದ ಮೇಲೆ ಅಂಥ ಕಲ್ಲು ಬೇಕಾದಷ್ಟಿತ್ತು. ಜೈನರು ಕದ್ದುಮುಚ್ಚಿ ಹೊಸ ಗುಡಿ ಎಬ್ಬಿಸಿದ್ದಾರೆಂದು ಅವನು ಮೇಲಿನ ಊರಿನ ಖಾಜಿಗೆ ದೂರು ಕಳಿಸಿದ. ಖಾಜಿ ಸಿರಾಜುದ್ದೀನರು ದೂರನ್ನು ಕಣ್ಣುಮುಚ್ಚಿ ನಂಬುವವರಲ್ಲ. ತಾವೇ ಬಂದು ನೋಡುವುದಾಗಿ ಹೇಳಿ ಕಳಿಸಿದರು. ಜೈನರ ಕೇರಿಯಲ್ಲಿ ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು. ನೂರಾರು ವರುಷದ ದೀಪದ ಮಸಿ ಗೋಡೆಗೆ ಅಂಟಿದೆ, ಕುರುಡನಿಗೂ ಹಳತೆಂದು ತಿಳಿಯುತ್ತದೆ, ಇನ್ನೇನು ಭಯ ಎಂದುಕೊಂಡರು.

ಆ ಕೇರಿಯಲ್ಲಿ ಚಂದವ್ವ ಎಂಬ ಹಿರಿಯ ವಿಧವೆಯಿದ್ದಳು. ಗಂಡ ಸತ್ತ ಮೇಲೆ ಬಸದಿಯೇ ಅವಳ ಮನೆ. ಕಸ ಗುಡಿಸುವಾಗಲೂ ಇರುವೆಗೆ ನೋವಾಗದಂತೆ ಮೆತ್ತನೆಯ ಪೊರಕೆ ಆಡಿಸುವವಳು. ದೊಡ್ಡವರು ಮನೆಗೆ ಬರುತ್ತಾರೆಂದರೆ ಸಾರಿಸಿ ಸುಣ್ಣ ಬಳಿಯುವುದು ತಲೆತಲಾಂತರದ ಪದ್ಧತಿ. ಖಾಜಿಯವರಂಥ ದೊಡ್ಡವರು ದೇವರ ಮನೆಗೇ ಬರುವಾಗ ಅದು ಹೊಲಸಾಗಿರಬಾರದೆಂದು ಅವಳಿಗೆ ತೋರಿತು. ಬಸದಿಯ ಪೂಜೆ ಮಾಡುವ ಉಪಾಧ್ಯೆ ಶ್ರೀಮಂಧರಪ್ಪನೂ ಹೂಂ ಅಂದ. ಕೇರಿಯ ಹೆಂಗಸರೆಲ್ಲ ಸೆರಗು ಕಟ್ಟಿ ಗುಡ್ಡ ಹತ್ತಿದರು. ಹುಳಹುಪ್ಪಟೆಗಳನ್ನು ಮೊದಲು ಒಂದೊಂದಾಗಿ ಎಲೆಯ ಮೇಲೆ ಹತ್ತಿಸಿ ಹೊರಗೆ ಬಿಟ್ಟು, ಅಂಟವಾಳದ ನೊರೆಯಲ್ಲಿ ಕಂಬ ತಿಕ್ಕಿ, ಮಸಿ ಕೆರೆದು, ಒಳಗೂ ಹೊರಗೂ ಸುಣ್ಣ ಹೊಡೆದರು. ಗುಡ್ಡದ ಮೇಲೆ ಬಸದಿ ಬೆಳ್ಳಗೆ ಹೊಳೆಯಿತು. ಮನೆ ಸುಟ್ಟುಕೊಳ್ಳಲು ತಾವೇ ಕೊಳ್ಳಿ ಹಿಡಿಯುತ್ತಿದ್ದೇವೆಂದು ಆ ಪುಣ್ಯವಂತೆಯರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ.

ಖಾಜಿಯವರು ಬಂದರು. ಬಾಗಿಲಲ್ಲಿ ಜೋಡು ಕಳಚಿದರು, ಒಳಗೆ ಸುತ್ತಾಡಿದರು, ಒಂದು ಕಂಬಕ್ಕೆ ಬೆರಳು ತೀಡಿದರು. ಬೆರಳು ಬೆಳ್ಳಗಾಯಿತು. ಅದನ್ನು ಉಪಾಧ್ಯೆಗೆ ತೋರಿಸಿ, ಇದು ಎಷ್ಟು ಹಳೆಯದೆಂದು ಕೇಳಿದರು. ಶಿಲಾಶಾಸನವೊಂದಿದೆ ಎಂದು ಉಪಾಧ್ಯೆ ಹೇಳಿದರೆ, ಬರೆದ ಕಲ್ಲನ್ನು ಯಾವ ಹಾಳುಗುಡಿಯಿಂದಲೂ ಹೊತ್ತು ತರಬಹುದಲ್ಲ ಎಂದು ಕಿಲ್ಲೇದಾರ ನಕ್ಕ. ಖಾಜಿಯವರು ನಗಲಿಲ್ಲ. ಕಣ್ಣಿಗೆ ಕಂಡದ್ದು ಹೊಸ ಸುಣ್ಣ, ಕಿವಿಗೆ ಬಿದ್ದದ್ದು ಹಳೆಯ ಕಾಲ; ನಿಶಾನೆ ಏರುವ ಮೊದಲು ಈ ಕಟ್ಟಡವನ್ನು ಕಂಡ ಮುಸಲ್ಮಾನರು ಇಬ್ಬರು ಬಂದು ಹೇಳಲಿ, ಇಲ್ಲವೇ ಒಬ್ಬ ಗಂಡಸು ಇಬ್ಬರು ಹೆಂಗಸರು ಹೇಳಲಿ, ಶುಕ್ರವಾರದ ನಮಾಜು ಮುಗಿಯುವವರೆಗೆ ಕಾಯುತ್ತೇನೆ ಎಂದರು. ನ್ಯಾಯವಾದ ಮಾತೇ. ಚಂದವ್ವ ಮಾತ್ರ ಸುಣ್ಣ ಮೆತ್ತಿದ ತನ್ನ ಎರಡೂ ಕೈಗಳನ್ನು ತಿರುಗಿಸಿ ಮುರುಗಿಸಿ ನೋಡಿಕೊಂಡಳು. ಅವಳಿಗೆ ಅಳುವೂ ಬರಲಿಲ್ಲ.

ಅಂಥ ಸಾಕ್ಷಿಗಳು ಊರಲ್ಲಿ ಇರಲಿಲ್ಲ. ಯಾಕಿರಲಿಲ್ಲ ಎಂಬುದನ್ನು ಹೇಳಲು ಇವತ್ತಿಗೂ ಹಿರಿಯರ ದನಿ ತಗ್ಗುತ್ತದೆ. ಹಳೆಯ ನಾಯಕರ ಕಾಲದಲ್ಲಿ ಕೋಟೆಯೊಳಗೆ ಹತ್ತಾರು ಮುಸಲ್ಮಾನರ ಮನೆಗಳಿದ್ದವು. ನಾಯಕರ ಉಪ್ಪುಂಡು ನಾಯಕರಿಗಾಗಿಯೇ ಕುದುರೆ ಏರುತ್ತಿದ್ದ ರಾವುತರ ಮನೆಗಳು. ಸುಲ್ತಾನರ ದಂಡು ಬಂದು ಕೋಟೆ ಮುತ್ತಿದಾಗ, ಇವರೂ ಅವರ ಕಡೆಯವರೇ, ಅಗಸೆ ತೆರೆದುಬಿಡುತ್ತಾರೆ ಎಂಬ ಗುಲ್ಲು ಎದ್ದಿತು. ಮುಂಜಾನೆಯವರೆಗೆ ಜೊತೆಗೆ ಕಾವಲು ನಿಂತವರೇ ಮಧ್ಯಾಹ್ನ ಆ ಮನೆಗಳಿಗೆ ನುಗ್ಗಿದರು. ಗಂಡಸು, ಹೆಂಗಸು, ಮುದುಕರು ಎನ್ನಲಿಲ್ಲ. ಮಾರನೆಯ ದಿನ ಕೋಟೆ ಬಿತ್ತು, ನಿಶಾನೆ ಏರಿತು. ಈಗ ಊರಲ್ಲಿರುವ ಮುಸಲ್ಮಾನರೆಲ್ಲ ಆಮೇಲೆ ಬಂದವರು. ಸಾಕ್ಷಿ ಹೇಳಬೇಕಾಗಿದ್ದವರನ್ನು ಈ ಊರೇ ಕೊಂದು ಹಾಕಿತ್ತು.

ಆದರೆ ಒಂದು ಜೀವ ಉಳಿದಿತ್ತು. ಅದು ಚಂದವ್ವನಿಗೆ ಗೊತ್ತಿತ್ತು. ಆ ಮಧ್ಯಾಹ್ನ ಅವಳಿನ್ನೂ ಹೊಸ ಸೊಸೆ, ಅತ್ತೆ ದೇವಮತಿಯ ಜೊತೆ ಬಸದಿಯಲ್ಲಿದ್ದಳು. ತುಂಬಿದ ಬಸುರಿಯೊಬ್ಬಳು ಬರಿಗಾಲಲ್ಲಿ ಗುಡ್ಡ ಹತ್ತಿ ಬಂದು ಹೊಸ್ತಿಲ ಮೇಲೆ ಬಿದ್ದಳು. ದೇವಮತಿ ಒಂದು ಗಳಿಗೆಯೂ ಯೋಚಿಸದೆ ಅವಳನ್ನು ಒಳಗೆಳೆದು ಗರ್ಭಗುಡಿಗೇ ಸೇರಿಸಿ ಬಾಗಿಲು ಹಾಕಿದಳು. ಪಾರ್ಶ್ವನಾಥನ ಪೀಠಕ್ಕೆ ಬೆನ್ನು ಕೊಟ್ಟು ಆ ಹೆಂಗಸು ಗಂಡುಕೂಸು ಹಡೆದಳು. ನೆಲ ತೊಳೆದ ಮೇಲೆ ದೇವಮತಿ ಸೊಸೆಯ ಕೈಯನ್ನು ದೇವರ ಮೇಲೆ ಇರಿಸಿ, ಇದನ್ನು ಯಾರಿಗೂ ಹೇಳಕೂಡದೆಂದು ಆಣೆ ಹಾಕಿಸಿಕೊಂಡಳು. ಗರ್ಭಗುಡಿಯಲ್ಲಿ ಹೆರಿಗೆಯಾಯಿತೆಂದರೆ ಕೇರಿ ಆ ಗುಡಿಗೆ ಕಾಲಿಡುತ್ತಿತ್ತೇ? ಹಡೆದವಳೂ ಬಾಯಿ ಬಿಡಲಿಲ್ಲ. ಗೆದ್ದ ದಂಡಿನವರು ಅವಳನ್ನು ತಮ್ಮಲ್ಲೇ ಮಡಿದ ಯಾವನೋ ರಾವುತನ ಹೆಂಡತಿಯೆಂದು ತಿಳಿದು ಆಸರೆ ಕೊಟ್ಟರು. ಕೂಸು ಹುತಾತ್ಮನ ಮಗನೆಂದು ಬೆಳೆಯಿತು, ಮಾನ ಪಡೆಯಿತು, ಕಿಲ್ಲೇದಾರನಾಯಿತು. ಅವಳು ಮಖ್ತುಂಬೀ, ದಿಲಾವರ ಖಾನನ ತಾಯಿ.

ಚಂದವ್ವ ಕೋಟೆಯ ಹಿತ್ತಿಲ ಬಾಗಿಲಿಗೆ ಹೋದಳು. ಆ ದಿನದ ನಂತರ ಇಬ್ಬರೂ ಒಂದು ಮಾತೂ ಆಡಿದವರಲ್ಲ, ಎದುರಾದರೆ ಸೆರಗು ಎಳೆದುಕೊಂಡು ಸರಿಯುತ್ತಿದ್ದರು. ಮಖ್ತುಂಬೀ ಎಲ್ಲ ಕೇಳಿದಳು. "ನನ್ನ ಮಗಂದು ತಲಿ ತಗ್ಗಸು ಅಂತೀಯೇನ ಚಂದಾ?" ಅಂದಳು.

"ನಾ ಏನ ಅನ್ನಲಿ ಬೀಬೀ. ನನ್ನ ಮಾತು ನಡ್ಯಾಂಗಿಲ್ಲ. ನಡೀತಿದ್ರ ನಿನ್ನ ಬಾಗಲಿಗೆ ಬರತಿದ್ದಿಲ್ಲ."

ಮಖ್ತುಂಬೀ ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅಂತಲೂ ಅನ್ನಲಿಲ್ಲ. ಚಂದವ್ವ ಆಣೆಯಿಟ್ಟು ಮುಚ್ಚಿದ್ದ ಮಾತನ್ನು ಎತ್ತಿದ್ದಷ್ಟೇ ಬಂತೆಂದುಕೊಂಡು ಮನೆಗೆ ಮರಳಿದಳು.

ಶುಕ್ರವಾರ ನಮಾಜು ಮುಗಿಯಿತು. ಖಾಜಿಯವರು ಬಸದಿಯ ಮುಂದೆ ಕಂಬಳಿ ಹಾಸಿಸಿ ಕೂತರು. ಕಿಲ್ಲೇದಾರ ಕಲ್ಲು ಕೀಳುವವರನ್ನು ಹಾರೆಗಳ ಸಮೇತ ಕರೆತಂದು ನಿಲ್ಲಿಸಿದ್ದ. ಸಾಕ್ಷಿ ಯಾರೆಂದು ಕೇಳಿದರೆ ಜೈನರ ಕೇರಿಯವರೆಲ್ಲ ನೆಲ ನೋಡಿದರು. ಅಷ್ಟರಲ್ಲಿ ಪರದೆ ಕಟ್ಟಿದ ಮೇಣೆಯೊಂದು ಗುಡ್ಡ ಹತ್ತಿ ಬಂತು. ಕಿಲ್ಲೇದಾರನ ಮನೆಯದೇ ಮೇಣೆ. ಒಳಗಿಂದ ಮಖ್ತುಂಬೀ ತಾನು ಸಾಕ್ಷಿ ಹೇಳುವುದಾಗಿ ನುಡಿದಳು. ಕಟ್ಟಡದ ವಿಷಯದಲ್ಲಿ ಒಬ್ಬ ಹೆಂಗಸಿನ ಮಾತು ಸಾಲದೆಂದು ಖಾಜಿಯವರು ಮರ್ಯಾದೆಯಿಂದಲೇ ಹೇಳಿದರು. ಮಖ್ತುಂಬೀ ಮುಲ್ಲಾನ ಮಗಳು, ಶಾಸ್ತ್ರವನ್ನು ತಂದೆಯ ಬಾಯಿಂದ ಕೇಳಿ ಬೆಳೆದವಳು.

"ನಾ ಗುಡಿ ಸಾಕ್ಷಿ ಹೇಳಾಕ ಬಂದಿಲ್ಲ, ಖಾಜೀ ಸಾಹೇಬ್ರ," ಎಂದಳು. "ನನ್ನ ಹೆರಿಗಿ ಸಾಕ್ಷಿ ಹೇಳಾಕ ಬಂದೀನಿ. ಗಂಡಸರು ಕಾಣದ ಸಂಗತಿಗೆ ಒಬ್ಬಾಕಿ ಹೆಂಗಸಿನ ಮಾತು ಸಾಕು ಅಂತಾರಲ್ಲ?"

ಖಾಜಿಯವರು ಹೌದೆಂದು ತಲೆಯಾಡಿಸಿದರು. ಮಖ್ತುಂಬೀ ಪರದೆ ಸರಿಸಿದಳು. ಅಷ್ಟು ಜನರೆದುರು ಕಿಲ್ಲೇದಾರನ ತಾಯಿಯ ಮುಖ ಕಂಡದ್ದು ಅದೇ ಮೊದಲು. ಅವಳು ಖಾಜಿಯವರ ಕಡೆ ನೋಡಲಿಲ್ಲ, ಮಗನನ್ನೇ ನೋಡಿದಳು.

"ನಿಶಾನಿ ಏರೋ ಹಿಂದಿನ ದಿನ, ಇದರೊಳಗ, ಆ ದೇವರ ಕಾಲಬುಡಕ್ಕ ನಿನ್ನ ಹಡದೀನಿ. ನಿಮ್ಮಪ್ಪ ಸುಲ್ತಾನರ ದಂಡಿನಾಂವ ಅಲ್ಲ, ಈ ಕೋಟಿ ರಾವುತ. ಕೂಡಿ ಉಂಡವರ ಕೈಯಾಗ ಸತ್ತ. ನೀ ಹುಟ್ಟಿದ ಗಳಿಗ್ಯಾಗ ಕತ್ತಿ ಹಿಡಕೊಂಡು ಈ ಬಾಗಲಾಗ ನಿಂತಿದ್ರು. ಅತ್ತರ ನಾಕು ಹೆಣ ಬೀಳತಿದ್ವು. ಈ ಚಂದಾ ನಿನ್ನ ಬಾಯಿ ಮುಚ್ಚಿ ಹಿಡದಿದ್ಲು. ನೀ ನೀಲಿಗಟ್ಟಿದ್ದಿ. ಸತ್ತಿ ಅಂತ ತಿಳಕೊಂಡಿದ್ದೆ ನಾ."

ಹಾರೆ ಹಿಡಿದವರು ಹಾರೆ ಇಳಿಸಿದರು. ದಿಲಾವರ ಖಾನ ಚಂದವ್ವನ ಕೈಗಳನ್ನು ನೋಡಿದ, ತಾಯಿಯನ್ನು ನೋಡಿದ, ಕುದುರೆಯನ್ನೂ ಬಿಟ್ಟು ನಡೆದೇ ಗುಡ್ಡ ಇಳಿದ. ಹೆರಿಗೆ ನಿಜವಾದರೆ ಹೆರಿಗೆಯಾದ ಜಾಗವೂ ನಿಜ, ನಿಶಾನೆಗಿಂತ ಮೊದಲಿನದು, ಇದರ ಒಂದು ಕಲ್ಲನ್ನೂ ಯಾರೂ ಅಲುಗಿಸಕೂಡದು ಎಂದು ಖಾಜಿಯವರು ತೀರ್ಪಿತ್ತರು.

ಬಸದಿ ಉಳಿಯಿತು. ಚಂದವ್ವ ಸಂತೋಷದಿಂದ ತನ್ನವರ ಕಡೆ ತಿರುಗಿದಳು. ಅಲ್ಲಿ ಯಾರೂ ನಗುತ್ತಿರಲಿಲ್ಲ. ಬಸದಿಯ ನೆರಳೂ ತಾಗಬಾರದೆಂಬಂತೆ ಕೇರಿಯವರೆಲ್ಲ ಹಿಂದೆ ಸರಿದಿದ್ದರು. "ಇಷ್ಟು ವರುಷ ನಾ ಪೂಜಾ ಮಾಡಿದ್ದು ಬಸದಿಗಲ್ಲ, ಬಾಣಂತಿ ಕೋಣಿಗೆ," ಎಂದು ಉಪಾಧ್ಯೆ ಉಗುಳಿದ.

"ದಿನಾ ಅಹಿಂಸಾ ಅಂತ ಓದತೀರಿ," ಅಂದಳು ಚಂದವ್ವ. "ಅವತ್ತು ನಮ್ಮತ್ತಿ ಅದನ್ನ ಮಾಡ್ಯಾಳ. ಮಾಡಿದ್ದಕ್ಕ ಸೂತಕ ಬಂತೇನ್ರಿ?"

ಆ ವಾರವೇ ಉಪಾಧ್ಯೆ ಪಾರ್ಶ್ವನಾಥನ ಬಿಂಬವನ್ನು ಎತ್ತಿಸಿದ. ಹೊಸ ಗುಡಿ ಕಟ್ಟಲು ಕಟ್ಟಳೆ ಅಡ್ಡ ಬಂದುದರಿಂದ ತನ್ನ ಮನೆಯ ಒಳಕೋಣೆಯಲ್ಲೇ ಇಟ್ಟುಕೊಂಡ. ಕಿಲ್ಲೇದಾರನ ಹಾರೆಯಿಂದ ಉಳಿದ ಗುಡಿ ತನ್ನವರ ಕೈಯಿಂದಲೇ ಬರಿದಾಯಿತು. ಚಂದವ್ವನನ್ನು ಕೇರಿಯವರು ಪಂಕ್ತಿಗೆ ಕರೆಯಲಿಲ್ಲ, ಮಖ್ತುಂಬೀಗೆ ಮಗನ ಮನೆಯಲ್ಲಿ ಮಾತಾಡಿಸುವವರಿರಲಿಲ್ಲ. ಇಬ್ಬರು ಮುದುಕಿಯರೂ ಗುಡ್ಡದ ಮೇಲೆ ಬೇರೆ ಬೇರೆ ಒಲೆ ಹೂಡಿ ಒಟ್ಟಿಗೆ ಬಾಳಿದರು ಎನ್ನುತ್ತಾರೆ. ದಿಕ್ಕಿಲ್ಲದ ಬಸುರಿಯರು, ಮನೆಯಿಂದ ಹೊರಹಾಕಿಸಿಕೊಂಡವರು, ಯಾವ ಜಾತಿಯವರೇ ಆಗಲಿ, ಅಲ್ಲಿಗೆ ಬಂದು ಹಡೆದರು. ಉಪಾಧ್ಯೆ ಉಗುಳಿದ ಬೈಗುಳವೇ ಊರಿನ ಬಾಯಲ್ಲಿ ಹೆಸರಾಗಿ ನಿಂತಿತು.

ಇಂದು ಗುಡ್ಡ ಹತ್ತಿದವರಿಗೆ ಗರ್ಭಗುಡಿಯಲ್ಲಿ ಕಾಣುವುದು ಖಾಲಿ ಪೀಠ. ಬೀಗದ ಕೈ ಈಗಲೂ ಉಪಾಧ್ಯೆಯ ವಂಶದವರಲ್ಲೇ ಇದೆ. ಬೆಳಿಗ್ಗೆ ಬಂದು ಬಾಗಿಲು ತೆಗೆದು, ಒಳಗೆ ಕಾಲಿಡದೆ ಹೊರಗೇ ನಿಲ್ಲುತ್ತಾರೆ. ಸುತ್ತಲಿನ ಹಳ್ಳಿಗಳ ತಾಯಂದಿರು ಹಸುಗೂಸುಗಳನ್ನು ಹೊತ್ತು ತರುತ್ತಾರೆ. ಬುರ್ಖಾದವರು, ಕುಂಕುಮದವರು ಎಲ್ಲರೂ ಇರುತ್ತಾರೆ. ಕೂಸನ್ನು ಆ ತಣ್ಣನೆಯ ಕಲ್ಲಿನ ಮೇಲೆ ಬರಿಮೈಯಲ್ಲಿ ಮಲಗಿಸಿ, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಹೊಸಬರು ಗಾಬರಿಯಾಗಿ ಎತ್ತಿಕೊಳ್ಳಲು ಹೋದರೆ ತಡೆಯುತ್ತಾರೆ. ಕೂಸು ಗಂಟಲು ಹರಿಯುವಂತೆ ಅಳಬೇಕು, ಆ ಅಳು ಕೆಳಗೆ ಊರಿಗೆ ಕೇಳಬೇಕು, ಆಮೇಲೆಯೇ ಎತ್ತಿಕೊಳ್ಳುತ್ತಾರೆ.