ಗಾಡಿ ಬಿಟ್ಟು ಹೋಗದ ಪುಸ್ತಕ

ಶಾಲೆಯ ತಿರುವಿನಲ್ಲಿ ಲಾರಿ ಹೊಡೆದು ಮಗಳು ಭಾಗ್ಯ ತೀರಿಕೊಂಡ ಮೇಲೆ, ಇಸ್ತ್ರಿ ಗಾಡಿಯ ಪುಟ್ಟಲಿಂಗಮ್ಮ ಮೂರು ಸಲ ಠಾಣೆಗೆ ಅಲೆದಳು. ಶಾಲೆ ಬಿಡುವ ನಾಲ್ಕು ಗಂಟೆಗಾದರೂ ಅಲ್ಲಿ ಒಬ್ಬ ಪೊಲೀಸನನ್ನು ನಿಲ್ಲಿಸಿ ಎಂದು ಬೇಡಿಕೊಂಡಳು.

“ನೀನು ಹೇಳಿದ ಕಡೆಯೆಲ್ಲ ನಿಲ್ಲೋಕೆ ನಮಗೇನು ಬೇರೆ ಕೆಲಸ ಇಲ್ವಾ?” ಎಂದರು ಎಸ್ಸೈ ಸಾಹೇಬರು.

ಅವಳ ಗಾಡಿ ನಿಲ್ಲುತ್ತಿದ್ದದ್ದು ಠಾಣೆಯ ಎದುರಿಗೇ. ಗಸ್ತಿನವರು ದಿನಾ ನಾಲ್ಕು ಗಂಟೆಗೆ ಸಹಿ ಹಾಕುವ ಬೀಟ್ ಪುಸ್ತಕವನ್ನು ಸಾಹೇಬರು ಒಂದು ದಿನ ಆ ಗಾಡಿಗೇ ನೇತುಹಾಕಿಸಿದರು. ಸಹಿಗಾಗಿ ಗಸ್ತು ನಡೆಯುವ ಕಷ್ಟ ಇನ್ನು ಯಾರಿಗೂ ಇರಲಿಲ್ಲ.

“ಈ ಪುಸ್ತಕ ನಿನ್ನ ಗಾಡಿ ಬಿಟ್ಟು ಎಲ್ಲೂ ಹೋಗಕೂಡದು. ಹೋದರೆ ನಿನ್ನನ್ನೇ ಒಳಗೆ ಹಾಕ್ತೀನಿ.”

ಪುಟ್ಟಲಿಂಗಮ್ಮ ತಲೆಯಾಡಿಸಿದಳು. ಮರುದಿನ ಗಾಡಿಯನ್ನೇ ತಳ್ಳಿಕೊಂಡು ಹೋಗಿ ಶಾಲೆಯ ತಿರುವಿನಲ್ಲಿ ನಿಲ್ಲಿಸಿದಳು.

ನಾಲ್ಕು ಗಂಟೆಗೆ ಪುಸ್ತಕ ಹುಡುಕಿಕೊಂಡು ಸಾಹೇಬರೇ ಉರಿದುಕೊಂಡು ಬಂದರು. “ಇಲ್ಲಿಗ್ಯಾಕೆ ತಂದೆ?”

“ಪುಸ್ತಕ ಗಾಡಿ ಬಿಟ್ಟು ಹೋಗಿಲ್ಲ, ಸ್ವಾಮಿ.”

ಅಷ್ಟರಲ್ಲಿ ಖಾಕಿ ಕಂಡ ಲಾರಿಯೊಂದು ತಾನಾಗಿಯೇ ನಿಂತಿತು. ಮಕ್ಕಳು ಕೈ ಕೈ ಹಿಡಿದು ರಸ್ತೆ ದಾಟಿದರು. ಸಾಹೇಬರು ಪುಸ್ತಕ ಬಿಚ್ಚಿ ಸಹಿ ಹಾಕಿದರು.

ಕೊನೆಯ ಮಗು ಆಚೆ ಸೇರುವವರೆಗೂ ಪುಟ್ಟಲಿಂಗಮ್ಮ ನೋಡುತ್ತಲೇ ಇದ್ದಳು.

“ಅವತ್ತೂ ಇಷ್ಟೇ ಹೊತ್ತು ನಿಂತಿದ್ದರೆ ಸಾಕಾಗಿತ್ತು, ಸ್ವಾಮಿ.”