ಮೊದಲು ಎಸೆದ ಎಲೆ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮ. ಆಶ್ರಮವೆಂದರೆ ಒಂದು ಜೋಪಡಿ, ಒಂದು ಬೇವಿನ ಮರ, ಒಬ್ಬ ಮುದುಕ. ಮುದುಕನ ಹೆಸರು ಕಾಡಪ್ಪಜ್ಜ.

ಅವನ ಹತ್ತಿರ ಶಾಸ್ತ್ರದ ಪುಸ್ತಕ ಇರಲಿಲ್ಲ. ಒಂಬತ್ತೇ ಎಲೆಗಳ ಒಂದು ಇಸ್ಪೀಟು ಕಟ್ಟು ಇತ್ತು. ರಟ್ಟು ಕತ್ತರಿಸಿ, ಒಂದರಿಂದ ಒಂಬತ್ತರವರೆಗೆ ಮಸಿಯಲ್ಲಿ ಚುಕ್ಕೆ ಇಟ್ಟು ತಾನೇ ಮಾಡಿಕೊಂಡದ್ದು.

ಆಟ ಇಷ್ಟೇ. ಇಬ್ಬರಿಗೆ ನಾಲ್ಕು ನಾಲ್ಕು ಎಲೆ. ಉಳಿದ ಒಂದನ್ನು ಯಾರೂ ನೋಡದಂತೆ ಪಕ್ಕಕ್ಕಿಡಬೇಕು. ಇಬ್ಬರೂ ಒಂದೊಂದು ಎಲೆಯನ್ನು ಬೋರಲು ಇಟ್ಟು ಒಟ್ಟಿಗೆ ತಿರುವಬೇಕು. ದೊಡ್ಡದು ಸಣ್ಣದನ್ನು ಎತ್ತಿಕೊಳ್ಳುತ್ತದೆ. ಹೆಚ್ಚು ಎತ್ತಿಕೊಂಡವನು ಗೆದ್ದ.

ಆಡಿ ಮುಗಿಸಲು ಒಂದು ಬೀಡಿ ಸೇದುವಷ್ಟು ಹೊತ್ತು ಸಾಕು. ಕಲಿಯಲು ವರ್ಷಗಳು ಬೇಕು.

ಗಾದಿಲಿಂಗ ಆ ವರ್ಷಗಳನ್ನು ಕೊಟ್ಟಿದ್ದ. ಅವನು ಅಜ್ಜನ ಒಬ್ಬನೇ ಶಿಷ್ಯ. ಪಕ್ಕದ ಮಡಿವಾಳರ ಕೇರಿಯವನು.

ಒಂದು ಮಧ್ಯಾಹ್ನ ಅವನು ಬೇವಿನ ನೆರಳಿಗೆ ಓಡಿ ಬಂದ.

"ಗೆದ್ದೆ ಅಜ್ಜಾರ!"

"ಯಾರ ಕೂಡ ಆಡಿದಿ?"

"ಪಂಪನಗೌಡನ ಕೂಡ. ಎಲಿ ಅಲ್ಲ, ಮಾತಿನಾಗ."

ಪಂಪನಗೌಡ ಆ ಊರಿನ ಧಣಿ. ಅವನ ಮನೆಯಲ್ಲೇ ಎರಡು ಬಾವಿಗಳಿದ್ದವು. ಆದರೂ ಅವನಿಗೆ ಹೊಳೆ ಬೇಕಾಗಿತ್ತು. ಹೊಳೆಗೆ ಇಳಿಯಲು ಮೆಟ್ಟಿಲು, ಮೆಟ್ಟಿಲ ಮೇಲೊಂದು ಮಂಟಪ, ಮಂಟಪದಲ್ಲಿ ಕೂತು ಕುಡಿಯಲು ಸಂಜೆಯ ಗಾಳಿ.

ಆ ಜಾಗದಲ್ಲಿ ಮಡಿವಾಳರು ಬಟ್ಟೆ ಒಗೆಯುವ ಏಳು ಕಲ್ಲುಗಳಿದ್ದವು. ಒಂದು ಮನೆಗೆ ಒಂದು ಕಲ್ಲು. ಕಲ್ಲು ಹೋದರೆ ಕೆಲಸ ಹೋಯಿತು. ಕೆಲಸ ಹೋದರೆ ಒಲೆ ಆರಿತು. ಗೌಡ ಏಳನ್ನೂ ಕಿತ್ತುಕೊಂಡು ಹೋಗಿ ಎಂದಿದ್ದ. ತಲೆಮಾರುಗಟ್ಟಲೆ ಅವನ ಮನೆಯ ಹೊಲಸು ತೊಳೆದವರಿಗೆ ಅವನು ಕೊಟ್ಟ ಮರ್ಯಾದೆ ಅದು.

"ಏಳೂ ಬೇಕು ಅಂದ ಅಜ್ಜಾರ. ನಾನು ಒಂದಕ್ಕ ಇಳಿಸಿದೆ."

"ಯಾವುದು ಆ ಒಂದು?"

"ತುದೀದು. ಹುಲಿಗೆವ್ವಂದು."

ಅಜ್ಜ ಹೊಳೆಯ ಕಡೆ ತಿರುಗಿದ.

"ಮುದುಕಿ ಅಜ್ಜಾರ. ಗಂಡಿಲ್ಲ, ಮಕ್ಕಳಿಲ್ಲ. ಕೈ ನಡುಗ್ತಾವ. ಇನ್ನೆಷ್ಟು ದಿನ ಒಗೀತಾಳ? ಸಣ್ಣ ಎಲಿ ಕೊಟ್ಟು ದೊಡ್ಡವನ್ನ ಉಳಿಸ್ಕೋಬೇಕು. ನಿಮ್ಮ ಹತ್ರಾನ ಕಲ್ತಿದ್ದು."

"ಆಕೀನ್ನ ಕೇಳಿದ್ಯಾ?"

"ಕೇಳಿದ್ರ ಒಪ್ತಿದ್ಳಾ?"

"ಗೌಡ ಏನಂದ?"

"ನಕ್ಕ. ಭಾಳ ಶಾಣ್ಯಾ ಅದೀಯಲೇ ಅಂದ. ಜಗಲಿ ಮ್ಯಾಲ ಕೂಡಿಸಿ ಚಾ ಕುಡಿಸಿದ."

"ನಿಮ್ಮಪ್ಪನ್ನ ಎಂದರ ಆ ಜಗಲಿ ಮ್ಯಾಲ ಕೂಡಿಸಿದ್ನಾ?"

"ಇಲ್ಲ. ಅಪ್ಪ ಅಂಗಳದಾಗ ನಿಂತು ಬಟ್ಟಿ ಗಂಟು ಕೊಟ್ಟು ಬರ್ತಿದ್ದ."

"ನಿನ್ನ ಯಾಕ ಕೂಡಿಸಿದ?"

"ನನ್ನ ಮಾತಿಗೆ ಕಿಮ್ಮತ್ತು ಕೊಟ್ಟ."

ಅಜ್ಜ ಸೊಂಟದಿಂದ ಕಟ್ಟು ತೆಗೆದ. ಕಲಸಿ ಹಂಚಿದ.

"ಆಡು."

ಗಾದಿಲಿಂಗನಿಗೆ ಎರಡು, ಐದು, ಆರು, ಒಂಬತ್ತು ಬಂದವು. ಅವನಿಗೆ ಖುಷಿಯಾಯಿತು. ಎರಡನ್ನು ಇಟ್ಟ. ಅಜ್ಜ ಮೂರನ್ನು ಇಟ್ಟಿದ್ದ, ಎತ್ತಿಕೊಂಡ.

ಐದನ್ನು ಇಟ್ಟ. ಅಜ್ಜನದು ಏಳು.

ಆರನ್ನು ಇಟ್ಟ. ಅಜ್ಜನದು ಎಂಟು.

ಕಡೆಗೆ ಅವನ ಒಂಬತ್ತು ಅಜ್ಜನ ನಾಲ್ಕನ್ನು ಎತ್ತಿಕೊಂಡಿತು. ಎತ್ತಿಕೊಂಡು ಏನು ಬಂತು? ಆಟ ಆಗಲೇ ಹೋಗಿತ್ತು.

ಇನ್ನೊಮ್ಮೆ ಆಡಿದರು. ಮತ್ತೆ ಸೋತ. ಮತ್ತೊಮ್ಮೆ ಸೋತ.

"ಒಂಬತ್ತು ನನ್ನ ಕೈಯಾಗಿತ್ತು. ಹೆಂಗ ಸೋತೆ ಅಜ್ಜಾರ?"

"ನೀನು ಸಣ್ಣದನ್ನ ಮೊದಲು ಎಸೀತಿ. ಯಾವಾಗ್ಲೂ. ಅದೊಂದು ಗೊತ್ತಾದ್ರ ಸಾಕು."

"ಹಂಗಾದ್ರ ಇಷ್ಟು ದಿನ ನೀವು ಯಾಕ ಸೋಲ್ತಿದ್ರಿ?"

"ಹುಡುಗ ಖುಷಿಪಡ್ಲಿ ಅಂತ. ಕೆಟ್ಟ ಕೆಲಸ ಮಾಡಿದೆ."

ಗಾದಿಲಿಂಗ ಎಲೆಗಳನ್ನೇ ನೋಡುತ್ತಾ ಕೂತ.

ಅಜ್ಜ ಹೇಳಿದ: "ದೊಡ್ಡ ಕಟ್ಟಿನಾಗ ಆಡೋರು ಎಲಿ ಹುಡುಕ್ತಾರ. ಒಂಬತ್ತರಾಗ ಎಲಿ ಹುಡುಕೂದು ಏನೈತಿ? ಪಕ್ಕಕ್ಕಿಟ್ಟ ಒಂದು ಬಿಟ್ರ, ನನ್ನ ಕೈಯಾಗ ಇಲ್ಲದ್ದು ನಿನ್ನ ಕೈಯಾಗ. ಸಣ್ಣ ಕಟ್ಟಿನಾಗ ಮನುಷ್ಯನ್ನ ಹುಡುಕ್ತಾರ."

"ಪಂಪನಗೌಡಗ ಎಲಿ ಆಡಾಕ ಬರೂದಿಲ್ಲ ಅಜ್ಜಾರ."

"ಬರ್ತಿರ್ಲಿಲ್ಲ. ನೀ ಹೋಗಿ ಕಲಿಸಿ ಬಂದಿ."

ಮರುದಿನ ಬೆಳಿಗ್ಗೆ ಗೌಡನ ಆಳುಗಳು ಸುತ್ತಿಗೆ ತಂದರು. ಹುಲಿಗೆವ್ವನ ಕಲ್ಲನ್ನು ಒಡೆದರು. ಕಿತ್ತು ಬೇರೆ ಕಡೆ ಇಡಬಹುದಿತ್ತು. ಇಡಲಿಲ್ಲ. ಮೆಟ್ಟಿಲ ಅಡಿಪಾಯಕ್ಕೆ ಜಲ್ಲಿ ಬೇಕಾಗಿತ್ತು.

ಉಳಿದ ಆರು ಕಲ್ಲುಗಳ ಮೇಲೆ ಆರು ಮನೆಯವರು ಬಟ್ಟೆ ಒಗೆಯುತ್ತಿದ್ದರು. ಯಾರೂ ತಲೆ ಎತ್ತಲಿಲ್ಲ. ಅವತ್ತು ಬಟ್ಟೆ ಬಡಿಯುವ ಸದ್ದು ಮಾತ್ರ ದಿನಕ್ಕಿಂತ ಜೋರಾಗಿತ್ತು.

ಹುಲಿಗೆವ್ವ ಆಶ್ರಮದ ಮುಂದೆ ಬಂದು ನಿಂತಳು. ತಲೆಯ ಮೇಲೆ ಗಂಟು. ಕಂಕುಳಲ್ಲಿ ಬಟ್ಟೆ ಬೇಯಿಸುವ ಉಬ್ಬೆಯ ಗಡಿಗೆ.

"ಎಲ್ಲದಾನಪ್ಪ ಪಂಡಿತ?"

ಗಾದಿಲಿಂಗ ಹೊರಗೆ ಬಂದ.

"ದೊಡ್ಡವ್ವಾ..."

"ದೊಡ್ಡವ್ವ ಅನಬ್ಯಾಡ. ನೀ ಹುಟ್ಟಿದಾಗ ಬಾಣಂತಿ ಬಟ್ಟಿ ಒಗದಕಿ ನಾನು. ಆ ಕಲ್ಲಿನ ಮ್ಯಾಲ. ನಿಮ್ಮವ್ವಗ ಆಗ ಎದ್ದು ನಿಲ್ಲಾಕ ಬರ್ತಿದ್ದಿಲ್ಲ."

"ಆರು ಮನಿ ಉಳಿಸಿದೆ ದೊಡ್ಡವ್ವ. ಇಲ್ಲಾಂದ್ರ ಏಳೂ ಹೋಗ್ತಿದ್ವು."

"ಹೌದೌದು. ಏಳನೇ ಮನ್ಯಾಗ ಇದ್ದದ್ದು ನಾಯಿ ಅಲ್ಲೇನು?"

ಅವನು ತಲೆ ತಗ್ಗಿಸಿದ.

"ನನ್ನ ಹತ್ರ ಬಂದು, ಹಿಂಗಿಂಗ ಐತಿ ಅವ್ವ, ಏನು ಮಾಡೋಣು ಅಂದಿದ್ರ... ನಾ ಕೊಡ್ತಿದ್ನೋ ಬಿಡ್ತಿದ್ನೋ. ಒಂದು ಮಾತು ಕೇಳಲಿಲ್ಲಲೋ ನೀನು." ಆಕೆ ಅಜ್ಜನ ಕಡೆ ತಿರುಗಿದಳು. "ನಿಮಗ ಅನ್ನಬೇಕು. ಅಕ್ಷರ ಕಲಿಸ್ರಿ ಅಂತ ಅವರಪ್ಪ ಬಿಟ್ಟು ಹೋದ. ಎಲಿ ಆಡಾಕ ಕಲಿಸಿದ್ರಿ. ಚಲೋ ಆತು ಬಿಡ್ರಿ."

ಅಜ್ಜ ಕೈ ಮುಗಿದ. ಆಕೆ ಅದನ್ನು ನೋಡಲಿಲ್ಲ. ಉಬ್ಬೆಯ ಗಡಿಗೆಯನ್ನು ಅಲ್ಲೇ ಇಳಿಸಿ, ಹೊಳೆ ದಾಟಿ ಹೋದಳು.

ಅಮಾವಾಸ್ಯೆ ಕಳೆಯಿತು. ಗೌಡನ ತಳವಾರ ಕೇರಿಗೆ ಬಂದ. ಬಲು ಮೆತ್ತಗೆ ಮಾತಾಡಿದ.

"ಮೆಟ್ಟಿಲಿಗೆ ಜಾಗ ಸಾಲವಲ್ದು. ಧಣ್ಯಾರು ಇನ್ನೊಂದು ಕಲ್ಲು ಕೇಳ್ಯಾರ. ಯಾವುದು ಅಂತ ನೀವ ಆರಿಸಿ ಹೇಳ್ರಿ. ಧಣ್ಯಾರು ಜುಲುಮೆ ಮಾಡೂದಿಲ್ಲ. ಗಾದಿಲಿಂಗನ ಕೈಯಾಗ ಹೇಳಿ ಕಳಸ್ರಿ."

ಹೊಡೆಯಲಿಲ್ಲ. ಬೈಯಲಿಲ್ಲ. ಆರಿಸಿ ಎಂದ. ಹೊಡೆತ ತಿಂದವರು ಒಟ್ಟಾಗಬಹುದು. ಆರಿಸಲು ಕೂತವರು ಒಟ್ಟಾಗುವುದು ಹೇಗೆ?

ಗಾದಿಲಿಂಗ ಮೂರು ದಿನ ಆಶ್ರಮಕ್ಕೆ ಬರಲಿಲ್ಲ. ಬಂದಾಗ ಅವನ ಮುಖದಲ್ಲಿ ರಕ್ತ ಇರಲಿಲ್ಲ.

"ಅಜ್ಜಾರ, ಎಲ್ಲಾರೂ ಬಂದು ಹೋದ್ರು. ಒಬ್ಬೊಬ್ಬರ, ಒಬ್ಬರಿಗೊಬ್ಬರು ತಿಳೀಲಾರ್ದಂಗ."

"ಏನಂದ್ರು?"

"ತಿಪ್ಪಣ್ಣ ಬಂದು, ನಿಂಗವ್ವನ ಕಲ್ಲು ಕೊಡು, ಆಕಿ ಮಗ ಹೆಂಗೂ ಗಾರೆ ಕೆಲಸಕ್ಕ ಹೋಗ್ತಾನ ಅಂದ. ನಿಂಗವ್ವ ಬಂದು, ತಿಪ್ಪಣ್ಣಂದು ಕೊಡು, ಅವ ಕುಡುಕ ಅಂದ್ಲು. ಹನುಮಕ್ಕ ಒಂದು ಕೋಳಿ ತಂದು ಕೊಟ್ಲು. ಬಾಯಿಬಿಟ್ಟು ಏನೂ ಅನ್ನಲಿಲ್ಲ."

"ನಿಮ್ಮವ್ವ?"

"ರೊಟ್ಟಿ ಹಾಕ್ಕೋತ ಹೇಳಿದ್ಲು. ಯಾರ್ದರ ಕೊಡು, ನಮ್ದು ಮುಟ್ಟಬ್ಯಾಡ ಅಂತ."

ಹೊಳೆಯ ಕಡೆಯಿಂದ ಬಟ್ಟೆ ಬಡಿಯುವ ಸದ್ದು ಬರುತ್ತಿತ್ತು.

"ಯಾರ್ದೂ ಕೊಡೂದು ಬ್ಯಾಡ, ಎಲ್ಲಾರೂ ಕೂಡಿ ಕಲ್ಲಿನ ಮ್ಯಾಲ ನಿಲ್ಲೋಣು ಅಂದೆ ಅಜ್ಜಾರ. ಆರೂ ಮನಿಗೆ ಹೋಗಿ ಹೇಳಿದೆ."

"ಮತ್ತ?"

"ನಕ್ಕರು. ಹುಲಿಗೆವ್ವನ ಸಲ ಈ ಮಾತು ಎಲ್ಲಿ ಹೋಗಿತ್ತೋ ತಮ್ಮಾ ಅಂದ್ರು. ಮೊದಲು ನಿಂತವನ ಕಲ್ಲನ್ನ ನೀ ಹೋಗಿ ಕೊಟ್ಟು ಬರಲ್ಲ ಅನ್ನೂದು ಏನು ಖಾತ್ರಿ ಅಂದ್ರು."

"ಖಾತ್ರಿ ಐತೇನು?"



"ಇಲ್ಲ ಅಜ್ಜಾರ. ನನಗ ನನ್ನ ಮ್ಯಾಲ ಇಲ್ಲ. ನಾಳೆ ಗೌಡಗ ಹೇಳಬೇಕು. ಯಾವುದು ಕೊಡ್ಲಿ, ನೀವ ಹೇಳ್ರಿ. ನೀವು ಹೇಳಿದ್ದು ಮಾಡ್ತೀನಿ."

"ನನ್ನದು ಹೊಳಿಯಾಗ ಕಲ್ಲಿಲ್ಲ. ನಾ ಹೆಂಗ ಹೇಳಲಿ?"

"ಮತ್ತ ಯಾರನ್ನ ಕೇಳಲಿ?"

"ಹುಲಿಗೆವ್ವ ಎಲ್ಲದಾಳ?"

"ಸಂತಿ ಊರಾಗ. ಗುಡಿ ಮುಂದ ತಾಟು ಹಿಡ್ಕೊಂಡು ಕುಂತಾಳಂತ. ಕಂಡವರು ಹೇಳಿದ್ರು."

"ಆಕೀನ್ನ ಕೇಳು."

ಗಾದಿಲಿಂಗ ಅಜ್ಜನ ಮುಖ ನೋಡಿದ. ಅಜ್ಜ ಚೇಷ್ಟೆ ಮಾಡುತ್ತಿರಲಿಲ್ಲ.

"ಆಕಿ ಬಂದು ನಿಂತ್ರ ಉಳಿದವರು ನಿಲ್ತಾರೇನು?"

"ಗೊತ್ತಿಲ್ಲ. ಆಕಿ ಇಲ್ಲದ ಯಾರೂ ನಿಲ್ಲೂದಿಲ್ಲ. ಅಷ್ಟು ಗೊತ್ತೈತಿ."

"ಬರಲ್ಲ ಅಂದ್ರ?"

"ಬರಲ್ಲ ಅನ್ನೂ ಹಕ್ಕು ಆಕೀದು."

ಗಾದಿಲಿಂಗ ಎದ್ದು ನಿಂತ. ಹೊಳೆಯವರೆಗೆ ಹೋದ. ಮೊಣಕಾಲು ನೀರಿಗೆ ಇಳಿದವನು ನಿಂತುಬಿಟ್ಟ. ಹಿಂದಕ್ಕೆ ತಿರುಗಿ ಕೂಗಿದ.

"ಅಜ್ಜಾರ, ಯಾವ ಮುಖ ಇಟ್ಕೊಂಡು ಹೋಗ್ಲಿ?"

ಅಜ್ಜ ಹೇಳಿದ:

"ಆಕಿಗೆ ಉಗುಳಾಕ ಒಂದು ಮುಖ ಬೇಕಲ್ಲೇನು? ಅದನ್ನ ತಗೊಂಡು ಹೋಗು."